ಕಲಬುರಗಿಯಲ್ಲೇ ಕೊರೊನಾ ಪರೀಕ್ಷೆ ನಡೆಯಲಿ

ಮಾನ್ಯ ಸಂಪಾದಕರೇ,

ಕೊರೊನಾದಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ನಮ್ಮ ಕಲಬುರಗಿಯ ವೃದ್ಧರದು. ಅವರು 2020ರ ಮಾರ್ಚ್ 10ರಂದು ತೀರಿಕೊಂಡರೂ ಸೋಂಕು ದೃಢಪಟ್ಟ ಸುದ್ದಿ ಹೊರಬಿದ್ದದ್ದು 12ರಂದು. ಗಂಟಲು ದ್ರವದ ಮಾದರಿಯನ್ನು ತಣ್ಣಗಿರಿಸಿ ಸುಮಾರು 600 ಕಿ.ಮೀ. ದೂರದ ಬೆಂಗಳೂರಿಗೆ ಕಳುಹಿಸಿ ವರದಿಗೆ ಕಾಯುವ ಅವಧಿಯಲ್ಲಿ ರೋಗಿಯ ಆರೈಕೆ ಮಾಡಿದವರು ಎಷ್ಟು ಮಂದಿಯನ್ನು ಭೇಟಿಯಾಗಿರುತ್ತಾರೆ ಎಂಬುದನ್ನು ಯೋಚಿಸಿದರೆ, ವೈದ್ಯಕೀಯ ಕಾಲೇಜುಗಳಿರುವ ಈ ನಗರದಲ್ಲೇ ಪ್ರಯೋಗಾಲಯ ತುರ್ತಾಗಿ ಆರಂಭವಾಗಬೇಕೆಂಬ ಬೇಡಿಕೆ ಅತಿಯಾದುದೇನಲ್ಲ.

ವಿದೇಶದಿಂದ ಮರಳಿದವರು ಮನೆಯಲ್ಲೇ 14 ದಿನ ಪ್ರತ್ಯೇಕವಾಗಿರಬೇಕೆಂಬ ಸೂಚನೆ ಸರಿಯಾದುದೇ. ಆದರೆ ನಮ್ಮ ಓಣಿಗೆ ಕೊಲ್ಲಿ ದೇಶದಿಂದ ಮರಳಿದ ಯುವಕನ ಮನೆಯಲ್ಲಿರುವುದು ಎರಡೇ ಕೋಣೆ, ಏಳು ಜನರಿಗೆ ಒಂದೇ ಬಚ್ಚಲು. ತಾಯಿ ರೊಟ್ಟಿಯ ತಟ್ಟೆಯನ್ನು ಹೊಸ್ತಿಲಾಚೆ ಸರಿಸಿ ದೂರ ನಿಲ್ಲುತ್ತಾರೆ. ಕುಡಿಯುವ ನೀರಿನ ಕೊಡ ಮಾತ್ರ ಎಲ್ಲರಿಗೂ ಒಂದೇ. ಹಾಲು ಹಾಕುವವನು ಆ ಮನೆಯ ಕಡೆ ಸುಳಿಯುವುದನ್ನೇ ಬಿಟ್ಟಿದ್ದಾನೆ. (ಅವನನ್ನು ದೂರಲಾರೆ, ನಾನೂ ಎರಡು ದಿನ ಆ ದಾರಿ ಬಿಟ್ಟು ನಡೆದವನೇ.) ಇಂತಹ ಬಹಿಷ್ಕಾರ ಕಂಡ ಮೇಲೆ, ಜ್ವರ ಬಂದರೂ ಪ್ರವಾಸದ ವಿಷಯವನ್ನು ಮುಚ್ಚಿಡುವವರೇ ಹೆಚ್ಚಾಗುತ್ತಾರೆ.

ಆದ್ದರಿಂದ ರಜೆಯಿಂದ ತೆರವಾಗಿರುವ ಸರ್ಕಾರಿ ವಸತಿ ನಿಲಯಗಳಲ್ಲಿ, ಮನೆಯಲ್ಲಿ ಪ್ರತ್ಯೇಕ ಕೋಣೆ ಇಲ್ಲದವರಿಗೆ ಊಟ, ನೀರು, ಶೌಚಾಲಯದ ವ್ಯವಸ್ಥೆಯೊಂದಿಗೆ ಜಿಲ್ಲಾಡಳಿತ ಸ್ಥಳ ಒದಗಿಸಬೇಕು. ಅಲ್ಲಿರುವವರ ಹೆಸರುಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡದಂತೆಯೂ ನೋಡಿಕೊಳ್ಳಬೇಕು.

– ಓರ್ವ ನಿವಾಸಿ, ಕಲಬುರಗಿ