ಬೆಂಗಳೂರು ತುಂಬಿತೇ? ಸೈಟ್ ಕೊಳ್ಳಲು ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಬೆಂಗಳೂರು ಬೆಳೆಯುವಷ್ಟು ಬೆಳೆದಾಯಿತು, ಇನ್ನು ಇಳಿಯುವುದೇ ಬಾಕಿ ಅನ್ನುತ್ತಾರಲ್ಲ, ಅದು ನಿಜವೇ? ಹಾಗಿದ್ದರೆ ಹೊಸಕೋಟೆ ಆಚೆ ನೋಡಿಟ್ಟಿರುವ ಸೈಟ್ ಕೊಳ್ಳಲೋ ಬಿಡಲೋ? ನೀನು ಕೇಳಿದ ಈ ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಸಿಗುತ್ತದೆ. ಅದು ನೀರಿನ ಲೆಕ್ಕದಲ್ಲಿ. ಅಲ್ಲಿಗೆ ಹೋಗುವ ಮೊದಲು ಜನರ ಲೆಕ್ಕ ನೋಡಿಬಿಡೋಣ.

ಶೇಕಡಾವಾರು ನೋಡಿದರೆ ಬೆಂಗಳೂರಿನ ದೊಡ್ಡ ಓಟ ಮುಗಿದು ನಲವತ್ತು ವರ್ಷ ಮೀರಿತು. 1971ರಲ್ಲಿ 16.6 ಲಕ್ಷ ಇದ್ದ ನಗರ 1981ಕ್ಕೆ 29.2 ಲಕ್ಷವಾಯಿತು. ಹತ್ತು ವರ್ಷದಲ್ಲಿ ಶೇ. 76. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿಯಂಥ ಕಾರ್ಖಾನೆಗಳ ಸುತ್ತ ಊರು ಹಬ್ಬಿದ ಕಾಲ ಅದು. ಅಂಥ ಓಟ ಮತ್ತೆ ಬರಲಿಲ್ಲ. ಮುಂದಿನ ದಶಕದಲ್ಲಿ ಶೇ. 41, ಅದರ ಮುಂದಿನದರಲ್ಲಿ ಶೇ. 38. ಆದರೆ ನಗರದ ಗಡಿ ಪ್ರತಿ ಜನಗಣತಿಗೂ ಬದಲಾಗುವುದರಿಂದ ಈ ಅಂಕಿಗಳನ್ನಷ್ಟೇ ನಂಬಿ ಕೂರಬಾರದು. ಗಡಿ ಬದಲಾಗದ ಬೆಂಗಳೂರು ನಗರ ಜಿಲ್ಲೆಯನ್ನು ತೆಗೆದುಕೊ: 1991ರಲ್ಲಿ 48.4 ಲಕ್ಷ, 2001ರಲ್ಲಿ 65.4 ಲಕ್ಷ, 2011ರಲ್ಲಿ 96.2 ಲಕ್ಷ. ಮೊದಲ ಹತ್ತು ವರ್ಷದಲ್ಲಿ 17 ಲಕ್ಷ ಸೇರಿದರೆ, ಎರಡನೆಯ ಹತ್ತು ವರ್ಷದಲ್ಲಿ ಸುಮಾರು 31 ಲಕ್ಷ. ಅಂದರೆ ಶೇಕಡಾದಲ್ಲಿ ಇಳಿದಿದೆ ಅಂದುಕೊಂಡ ಊರು ತಲೆ ಎಣಿಕೆಯಲ್ಲಿ ಏರುತ್ತಲೇ ಇತ್ತು. ಶಿಖರ ಮುಟ್ಟಿತು ಎಂದು ಯಾರಾದರೂ ಹೇಳಿದರೆ ಯಾವ ಅಳತೆಯಲ್ಲಿ, ಯಾವ ಗಡಿಯೊಳಗೆ ಎಂದು ಮೊದಲು ಕೇಳು.

2011ರ ಮೇಲೆ ಎಣಿಕೆಯೇ ಆಗಿಲ್ಲ. ಒಂದು ಕೋಟಿ ನಲವತ್ತು ಲಕ್ಷ ಎಂದು ಓದುತ್ತೀಯಲ್ಲ, ಅದು ಅಂದಾಜು. ಮುಂದಿನ ಜನಗಣತಿ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡಿದೆ. ಯೋಜನೆಯ ಕಥೆ ಇನ್ನೂ ಕಳವಳದ್ದು. 2031ಕ್ಕೆ 2.03 ಕೋಟಿ ಜನ ಎಂದು ಲೆಕ್ಕ ಹಾಕಿದ್ದ ಕರಡು ಮಾಸ್ಟರ್ ಪ್ಲಾನ್ 2017ರಲ್ಲಿ ಬಂತು, 2020ರಲ್ಲಿ ಹಿಂದಕ್ಕೆ ಹೋಯಿತು. 2007ರಲ್ಲಿ ಒಪ್ಪಿಗೆ ಪಡೆದ, 2015ರ ತನಕದ ಯೋಜನೆಯ ಮೇಲೆಯೇ ಇಷ್ಟು ದೊಡ್ಡ ನಗರ ಇನ್ನೂ ನಡೆಯುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಆಡಳಿತಕ್ಕೆ ಅದು ಮುಖ್ಯ ಸಂಗತಿ, ಆದರೆ ನಲ್ಲಿಗೆ ಬರುವ ನೀರನ್ನು ಅದು ಹೆಚ್ಚಿಸುವುದಿಲ್ಲ.

ಒಳಗಿನ ಊರು ತುಂಬಿದೆ, ಇದರಲ್ಲಿ ನನಗೆ ಅನುಮಾನವಿಲ್ಲ. ಚಿಕ್ಕಪೇಟೆ, ಅವೆನ್ಯೂ ರಸ್ತೆಯಲ್ಲಿ ಮನೆಗಳಿದ್ದ ಮಹಡಿಗಳು ಗೋದಾಮು, ಅಂಗಡಿಗಳಾಗಿವೆ. ಮಲ್ಲೇಶ್ವರ, ಜಯನಗರ, ಬಸವನಗುಡಿಯಲ್ಲಿ ಹಳೆ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುತ್ತಾರೆ, ಆದರೆ ಅಲ್ಲಿನ ಕುಟುಂಬಗಳು ಚಿಕ್ಕವಾಗಿವೆ. ಇನ್ನೊಂದು ವಿಷಯವನ್ನು ಬೆಲೆಯ ಮಾತಾಡುವವರು ಮರೆಯುತ್ತಾರೆ: ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಇಲ್ಲಿ ಹುಟ್ಟುವ ಮಕ್ಕಳಿಂದ ನಗರ ಹೆಚ್ಚು ದಿನ ಬೆಳೆಯಲಾರದು, ಬರುವವರಿಂದಲೇ ಬೆಳೆಯಬೇಕು. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬರುವವರ ಜೊತೆಗೆ ಈಗ ಬಿಹಾರ, ಒಡಿಶಾ, ಅಸ್ಸಾಂನವರು ಸೇರಿದ್ದಾರೆ. ಕೆಲಸ ಇರುವಷ್ಟು ದಿನ ಅವರು ಬರುತ್ತಾರೆ. ಕೆಲಸ ಸದ್ಯಕ್ಕೆ ಕಡಿಮೆಯಾಗುವ ಲಕ್ಷಣವಿಲ್ಲ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈ ಒಂದೇ ಜಿಲ್ಲೆಯದು.

ಈಗ ನೀರು. ಇದನ್ನು ನಿಧಾನವಾಗಿ ಓದು.

ಕಾವೇರಿ ಮೊದಲ ಹಂತ ಬಂದದ್ದು 1974ರಲ್ಲಿ, ದಿನಕ್ಕೆ 13.5 ಕೋಟಿ ಲೀಟರ್. ನಾಲ್ಕನೇ ಹಂತ ಮುಗಿಯುವಾಗ ಒಟ್ಟು ಸುಮಾರು 145 ಕೋಟಿ. ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು, ಅದರ ಪಾಲು 77.5 ಕೋಟಿ. ಎಲ್ಲ ಪೂರ್ಣವಾಗಿ ಓಡಿದರೆ ದಿನಕ್ಕೆ 222.5 ಕೋಟಿ ಲೀಟರ್. ಒಂದು ಟಿಎಂಸಿ ಅಂದರೆ ಸುಮಾರು 2,832 ಕೋಟಿ ಲೀಟರ್. ಆ ಲೆಕ್ಕದಲ್ಲಿ ಬೆಂಗಳೂರು ಒಂದೇ ವರ್ಷಕ್ಕೆ 28 ಟಿಎಂಸಿಗಿಂತ ಹೆಚ್ಚು ನೀರನ್ನು ಎತ್ತುತ್ತದೆ.

ಇಷ್ಟು ನೀರು ಎಷ್ಟು ಜನಕ್ಕೆ ಸಾಕು? ಕೊಳವೆ ಸೋರಿಕೆ ಮತ್ತು ಲೆಕ್ಕಕ್ಕೆ ಸಿಗದ ನೀರಿಗೆ ಕಾಲುಭಾಗ ತೆಗೆ. ಉಳಿದದ್ದರಲ್ಲಿ ಆಸ್ಪತ್ರೆ, ಹೋಟೆಲ್, ಕಚೇರಿ, ಕಾರ್ಖಾನೆಗೆ ಐದನೇ ಒಂದು ಭಾಗ ಬಿಡು. ಸುಮಾರು 133 ಕೋಟಿ ಲೀಟರ್ ಮನೆಗಳಿಗೆ ಉಳಿಯಿತು. ಸರಕಾರಿ ಮಾನದಂಡದಂತೆ ತಲೆಗೆ 135 ಲೀಟರ್ ಕೊಟ್ಟರೆ ಅದು ಒಂದು ಕೋಟಿ ಜನಕ್ಕೂ ಸ್ವಲ್ಪ ಕಡಿಮೆ. 2011ರಲ್ಲೇ ಜಿಲ್ಲೆಯಲ್ಲಿ 96 ಲಕ್ಷ ಜನ ಇದ್ದರು. ಐದನೇ ಹಂತ ಮುಗಿದ ಮೇಲೂ ಉಳಿದವರು ಕೊಳವೆಬಾವಿಯನ್ನೇ ನಂಬಬೇಕು. ಆ ಬಾವಿಗಳ ಗತಿ 2024ರ ಮಾರ್ಚ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು: ಸರಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿದ್ದವು.

ಇನ್ನೂ ತರಬಹುದಲ್ಲ ಅನ್ನುತ್ತೀಯ. ತರಬಹುದು, ಆರನೇ ಹಂತದ ಮಾತೂ ನಡೆದಿದೆ. ಆದರೆ ಎರಡು ತೊಡಕುಗಳಿವೆ. ಒಂದು ಎತ್ತರ. ಊರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೀರನ್ನು ಸುಮಾರು 100 ಕಿ.ಮೀ. ದೂರ ತಂದು, ಮೂರು ಪಂಪಿಂಗ್ ಠಾಣೆಗಳಲ್ಲಿ ಒಟ್ಟು 500 ಮೀಟರ್‌ನಷ್ಟು ಎತ್ತಬೇಕು. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು ಭೌತಶಾಸ್ತ್ರದ ಪ್ರಕಾರವೇ 1.4 ಯೂನಿಟ್ ವಿದ್ಯುತ್ ಬೇಕು, ಪಂಪಿನ ನಷ್ಟ ಸೇರಿದರೆ ಎರಡರ ಹತ್ತಿರ. 222 ಕೋಟಿ ಲೀಟರಿಗೆ ದಿನಕ್ಕೆ 40 ಲಕ್ಷ ಯೂನಿಟ್ ಆಸುಪಾಸು. ಇನ್ನೊಂದು ತೊಡಕು ಕಾನೂನಿನದು. ಊರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಕಾವೇರಿ ನೀರು ಹಂಚಿಕೆಯ ನ್ಯಾಯಮಂಡಳಿ ಬೆಂಗಳೂರಿನ ಪಾಲನ್ನು ಕುಗ್ಗಿಸಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪದೆ ನಗರಕ್ಕೆಂದು 4.75 ಟಿಎಂಸಿ ಹೆಚ್ಚಿಸಿತು. ಮತ್ತೊಮ್ಮೆ ಅಂಥ ಹೆಚ್ಚಳ ಸಿಗುವುದು ಸುಲಭವಲ್ಲ.

ಹಾಗಾಗಿ ನನ್ನ ತೀರ್ಮಾನ ಇದು: ಕೆಲಸ ಮತ್ತು ಜನರ ಲೆಕ್ಕದಲ್ಲಿ ಬೆಂಗಳೂರು ಶಿಖರ ಮುಟ್ಟಿಲ್ಲ, ಕಾವೇರಿ ನೀರಿನ ಲೆಕ್ಕದಲ್ಲಿ ಬಹುಮಟ್ಟಿಗೆ ಮುಟ್ಟಿದೆ. ಇನ್ನು ಬೆಳೆಯಬೇಕಾದರೆ ಸೋರಿಕೆ ತಡೆಯಬೇಕು, ಬಳಸಿದ ನೀರನ್ನು ಮತ್ತೆ ಬಳಸಬೇಕು, ಮಳೆ ಹಿಡಿಯಬೇಕು. ಒಟ್ಟು ನೀರಿನ ಶೇ. 1ರಷ್ಟು ಸೋರಿಕೆ ತಡೆದರೂ ದಿನಕ್ಕೆ 2.2 ಕೋಟಿ ಲೀಟರ್ ಉಳಿಯುತ್ತದೆ, ಅದು ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ದಿನದ ನೀರು. ಹೊಸ ಅಣೆಕಟ್ಟಿನ ಮಾತಿಗೆ ಸಿಗುವ ಗಮನದ ಕಾಲುಭಾಗವೂ ಈ ಕೆಲಸಕ್ಕೆ ಸಿಗುತ್ತಿಲ್ಲ ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೆಳವಣಿಗೆ ಹೊರಕ್ಕೆ ಹೊರಟಿರುವುದಂತೂ ಖಚಿತ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಜೋಡಿಸುವ ಉಪನಗರ ವರ್ತುಲ ರಸ್ತೆಯ 80 ಕಿ.ಮೀ. 2024ರಲ್ಲಿ ತೆರೆಯಿತು. ಚೆನ್ನೈ ಎಕ್ಸ್‌ಪ್ರೆಸ್ ರಸ್ತೆ ಹೊಸಕೋಟೆಯಿಂದಲೇ ಶುರು. ಹಳದಿ ಮೆಟ್ರೊ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರ ಮುಟ್ಟಿತು. ತಮಿಳುನಾಡಿನ ಹೊಸೂರಿಗೂ ಈ ಬೆಳವಣಿಗೆ ದಾಟಿದೆ. ಆದರೆ ಹೊರಗೆ ನೆಲ ಖಾಲಿ ಬಿದ್ದಿದೆ ಎಂದುಕೊಳ್ಳಬೇಡ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನವನ್ನು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ವಿರೋಧಿಸಿದರು, 2025ರ ಜುಲೈನಲ್ಲಿ ಸರಕಾರ ಕೈಬಿಟ್ಟಿತು. ರಾಗಿ, ದ್ರಾಕ್ಷಿ, ತರಕಾರಿ ಬೆಳೆಯುವ ನೆಲಕ್ಕೂ ತನ್ನ ಹಕ್ಕಿದೆ.

ಇನ್ನು ನಿನ್ನ ಸೈಟ್. 110 ಹಳ್ಳಿಗಳ ಉದಾಹರಣೆ ಮನಸ್ಸಿನಲ್ಲಿರಲಿ. ಅವು ಪಾಲಿಕೆಗೆ ಸೇರಿದ್ದು 2007ರಲ್ಲಿ, ಅವಕ್ಕೆಂದೇ ರೂಪಿಸಿದ ಕಾವೇರಿ ನೀರು ಬಂದದ್ದು 2024ರಲ್ಲಿ. ಹದಿನೇಳು ವರ್ಷ. ನೀನು ನೋಡಿರುವ ಜಾಗ ಆ ಗಡಿಯಿಂದಲೂ ಆಚೆ ಇದೆ. 'ಕಾವೇರಿ ಬರುತ್ತೆ ಸಾರ್' ಎಂದರೆ ಆ ಮಾತಿಗೆ ಬೆಲೆ ಕಟ್ಟಬೇಡ.

ಲೇಔಟಿನ ನೀರಿನ ಲೆಕ್ಕ ನೀನೇ ಹಾಕು. 80 ಮನೆ, ಮನೆಗೆ ನಾಲ್ಕು ಜನ, ತಲೆಗೆ 135 ಲೀಟರ್ ಅಂದರೆ ದಿನಕ್ಕೆ 43,200 ಲೀಟರ್. ಹತ್ತು ಮನೆ ಇದ್ದಾಗ ಒಂದು ಬೋರ್ ಧಾರಾಳ. ಮನೆ ತುಂಬಿದಂತೆ ಪಂಪು ಹಗಲೂ ರಾತ್ರಿ ಓಡುತ್ತದೆ, ಪಕ್ಕದ ಲೇಔಟಿನವರೂ ಅದೇ ಬಂಡೆಯ ಬಿರುಕಿನಿಂದ ಎಳೆಯುತ್ತಾರೆ. ಈ ಭಾಗದ ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದೇ ಬಿರುಕುಗಳಲ್ಲಿ. 1,200 ಅಡಿ ಕೊರೆದರೂ ಬಿರುಕು ಬರಿದಾದರೆ ಮುಗಿಯಿತು. ಆಮೇಲೆ 12,000 ಲೀಟರಿನ ಟ್ಯಾಂಕರ್ ದಿನಕ್ಕೆ ನಾಲ್ಕು ಬೇಕು. 2024ರಲ್ಲಿ ಜಿಲ್ಲಾಡಳಿತ ಇಂಥ ಟ್ಯಾಂಕರಿಗೆ 5ರಿಂದ 10 ಕಿ.ಮೀ. ದೂರಕ್ಕೆ ನಿಗದಿ ಮಾಡಿದ್ದ ದರ 1,200 ರೂ. ಆ ದರದಲ್ಲೂ ಲೇಔಟಿಗೆ ತಿಂಗಳಿಗೆ 1.44 ಲಕ್ಷ, ಮನೆಗೆ 1,800 ರೂ. ಬೋರಿನ ಪರೀಕ್ಷೆಯನ್ನು ಮಾರ್ಚ್–ಏಪ್ರಿಲ್‌ನಲ್ಲಿ, ಇಡೀ ದಿನ ಪಂಪು ಓಡಿಸಿ ಮಾಡಿಸು. ಮಳೆಗಾಲದಲ್ಲಿ ತೋರಿಸುವ ಎರಡು ಇಂಚು ನೀರು ಬೇಸಿಗೆಯ ಸಂಗತಿ ಹೇಳುವುದಿಲ್ಲ.

ಮಳೆ ನೀರಿನ ಕೊಯ್ಲನ್ನು ಮನೆಯ ನಕ್ಷೆಯಲ್ಲೇ ಸೇರಿಸು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಸಾವಿರ ಚದರಡಿ ತಾರಸಿಗೆ ಬೀಳುವುದರಲ್ಲಿ ಶೇ. 80 ಹಿಡಿದರೂ 72,000 ಲೀಟರ್, ನಾಲ್ಕು ಜನರ ಮನೆಗೆ ನಾಲ್ಕು ತಿಂಗಳಿಗೂ ಮಿಕ್ಕ ನೀರು. ಎಲ್ಲವನ್ನೂ ಸಂಪಿನಲ್ಲಿ ತುಂಬಿಡಲಾಗದು. ಹೆಚ್ಚಾದದ್ದನ್ನು ಇಂಗುಗುಂಡಿಗೆ ಬಿಡು. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗುವ ಕವಾಟ ಇಲ್ಲದಿದ್ದರೆ ಸಂಪು ಕೆಡುತ್ತದೆ.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ವಕೀಲರು ನೋಡುತ್ತಾರೆ. ಆದರೆ ನಾಲ್ಕನ್ನು ನೀನೇ ಕೈಯಲ್ಲಿ ಹಿಡಿದು ನೋಡು: ಭೂ ಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, 30 ವರ್ಷದ ಋಣಭಾರ ಪತ್ರ. ಪಂಚಾಯಿತಿ ವ್ಯಾಪ್ತಿಯಾದರೆ ಅಲ್ಲಿನ ಆಸ್ತಿ ದಾಖಲೆಯಾದ ಇ-ಸ್ವತ್ತು ನಮೂನೆ 9ರ ಜೊತೆ 11ಎ ಇರಬೇಕು. 11ಬಿ, ಅಂದರೆ ಒಪ್ಪಿಗೆ ಇಲ್ಲದ ಸೈಟಿನ ನಮೂನೆ ಕೊಟ್ಟರೆ ಅಲ್ಲಿಗೇ ನಿಲ್ಲಿಸು. ಪಹಣಿಯಲ್ಲಿ ಬಿ ಖರಾಬು ಎಷ್ಟಿದೆ ನೋಡು. ಅದು ಹಳ್ಳ, ದಾರಿ, ಸಾರ್ವಜನಿಕ ನೆಲ, ಯಾರೂ ಮಾರುವಂತಿಲ್ಲ. ಸರಕಾರದ ಭೂನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ), ಕೆರೆ ಎಲ್ಲಿ ಹಾದಿವೆ ಎಂದು ಕಾಣುತ್ತದೆ. 2015ರ ಮಾಸ್ಟರ್ ಪ್ಲಾನಿನಲ್ಲಿ ಕಾಲುವೆಯ ದರ್ಜೆಗೆ ತಕ್ಕಂತೆ ಅದರ ನಡುವಿನಿಂದ 50, 25, 15 ಮೀಟರ್ ಬಿಡಬೇಕೆಂದಿದೆ. ಈ ಸೀಮೆಯ ಕೆರೆಗಳು ಸರಪಳಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುತ್ತದೆ. ಆ ಹರಿವಿಗೆ ಅಡ್ಡ ಕಟ್ಟಿದರೆ ನೀರು ಮನೆಯೊಳಗೆ ದಾರಿ ಹುಡುಕುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಭಾಗದಲ್ಲಿ ದುಬಾರಿ ಬಡಾವಣೆಗಳೊಳಗೆ ದೋಣಿ ಓಡಿದ್ದು ಹೀಗೆಯೇ.

ಬೆಲೆ ಏರುತ್ತದೆಯೇ ಎಂಬುದಕ್ಕೆ: ಕೆಲಸದ ಜಾಗಕ್ಕೆ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ, ನೀರಿನ ಲೆಕ್ಕ ಸರಿಯಿರುವ ಜಾಗಗಳು ಏರುತ್ತವೆ. ಉಳಿದವು ಎಷ್ಟೋ ವರ್ಷ ಕಲ್ಲು ನೆಟ್ಟ ಹೊಲಗಳಾಗಿಯೇ ಇರುತ್ತವೆ. ಹೊಸಕೋಟೆಯ ಆಚೆಗೆ ಹೋದಷ್ಟೂ ಎರಡನೆಯ ಬಗೆಯವು ಹೆಚ್ಚು.

ಮುಂಗಡ ಕೊಡುವ ಮೊದಲು ಸರ್ವೆ ನಂಬರ್, ಹಳ್ಳಿಯ ಹೆಸರು, ಹೋಬಳಿ ಬರೆದು ಕಳಿಸು. ಗ್ರಾಮ ನಕ್ಷೆಯನ್ನೂ ದಿಶಾಂಕ್ ಅನ್ನೂ ಪಕ್ಕಪಕ್ಕ ಇಟ್ಟು ನೋಡಿ ತಿಳಿಸುತ್ತೇನೆ. ಮನೆಯವರಿಗೆಲ್ಲ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನ ಗೆಳೆಯ