ಸ್ಮೋಕಿ ಬೆಟ್ಟಕ್ಕೆ ಹೊರಡುವ ಮುಂಚೆ

ಎಲೆಗಳ ಬಣ್ಣ ತಿರುಗುವ ಕಾಲ ಬಂತು. ನಮ್ಮ ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ "ಸ್ಮೋಕಿಗೆ ಯಾರ್ಯಾರು ಬರ್ತೀರಾ?" ಶುರುವಾಗಿದೆ. ಅಟ್ಲಾಂಟಾದಿಂದ ನಾಲ್ಕು ಗಂಟೆಯ ಡ್ರೈವ್, ಪ್ರವೇಶ ಶುಲ್ಕ ಇಲ್ಲ. ಟೆನೆಸ್ಸಿ, ನಾರ್ತ್ ಕರೊಲೈನಾ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ನ್ಯಾಷನಲ್ ಪಾರ್ಕ್ ನಮ್ಮವರಿಗೆ ಅಚ್ಚುಮೆಚ್ಚಾಗಿರುವುದು ಸುಮ್ನೆ ಅಲ್ಲ. ವರ್ಷಕ್ಕೆ ಒಂದು ಕೋಟಿಗೂ ಜಾಸ್ತಿ ಜನ ಬರುತ್ತಾರೆ. ಅಮೆರಿಕದ ಬೇರೆ ಯಾವ ನ್ಯಾಷನಲ್ ಪಾರ್ಕಿಗೂ ಇಷ್ಟು ಜನ ಹೋಗುವುದಿಲ್ಲ. ಆದರೆ ಬಂದವರಲ್ಲಿ ಎಷ್ಟೋ ಜನ ಗ್ಯಾಟ್ಲಿನ್‌ಬರ್ಗ್ ಪೇಟೆಯಲ್ಲಿ ಪ್ಯಾನ್‌ಕೇಕ್ ತಿಂದು, ನ್ಯೂಫೌಂಡ್ ಗ್ಯಾಪ್ ಎಂಬ ಕಣಿವೆದಾರಿಯಲ್ಲಿ ಫೋಟೊ ತೆಗೆಸಿಕೊಂಡು ಮನೆ ಸೇರುತ್ತಾರೆ. ಅದಕ್ಕೇ ಈ ಸಲ ನಿಮ್ಮ ತಲೆ ಸ್ವಲ್ಪ ತಿನ್ನುತ್ತೇನೆ.

ಮೊದಲು ಲೆಕ್ಕದ ಮಾತು ಮುಗಿಸೋಣ. 2023ರಿಂದ, ಕಾರನ್ನು 15 ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸಿದರೆ ಪಾರ್ಕಿಂಗ್ ಟ್ಯಾಗ್ ಬೇಕು. ಕ್ಯಾಂಪ್‌ಗ್ರೌಂಡ್‌ಗಳು ಅಕ್ಟೋಬರಿನಲ್ಲಿ ಬೇಗ ತುಂಬಿಹೋಗುತ್ತವೆ. ಅಲ್ಲಿ ಸ್ನಾನದ ಮನೆ ಇಲ್ಲ, ಫೋನ್ ಸಿಗ್ನಲ್ ನಂಬಬೇಡಿ.

ನಡೆಯುವವರಿಗೆ 800 ಮೈಲಿಗೂ ಹೆಚ್ಚು ದಾರಿಗಳಿವೆ. ಎಲ್ಲಕ್ಕಿಂತ ಎತ್ತರದ ಶಿಖರ ಕುವೋಹಿ, 6,643 ಅಡಿ. ಕ್ಲಿಂಗ್‌ಮನ್ಸ್ ಡೋಮ್ ಅಂತ ಹೇಳಿದರೆ ಹಳಬರಿಗೆ ಗೊತ್ತಾಗುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನ ಕೇಳಿದ ಮೇಲೆ 2024ರಲ್ಲಿ ಅವರ ಹಳೆಯ ಹೆಸರೇ ವಾಪಸ್ ಬಂತು. ಕಾರು ನಿಲ್ಲಿಸಿ ಅರ್ಧ ಮೈಲಿ ನಡೆದರೆ ಗೋಪುರ. ಅರ್ಧ ಮೈಲಿಯೇ, ಆದರೆ ಏರು ಜೋರಾಗಿದೆ. ಮಕ್ಕಳಿದ್ದರೆ ನನ್ನ ಮತ ಗ್ರೊಟ್ಟೊ ಫಾಲ್ಸ್‌ಗೆ. ಜಲಪಾತದ ಹಿಂದೆಯೇ ದಾರಿ ಹಾಯುತ್ತದೆ. ಅದೃಷ್ಟವಿದ್ದರೆ ಸಾಮಾನು ಹೊತ್ತ ಲಾಮಾಗಳ (ಒಂಟೆ ಜಾತಿಯ ಪ್ರಾಣಿಗಳ) ಸಾಲು ಎದುರಾಗುತ್ತದೆ. ಲಿಕಾಂಟ್ ಶಿಖರದ ಹತ್ತಿರ ಇರುವ ವಸತಿಗೆ ರಸ್ತೆಯೇ ಇಲ್ಲ, ತಾಜಾ ಊಟದ ಸಾಮಾನು, ಹಾಸಿಗೆ ಬಟ್ಟೆ ಲಾಮಾ ಬೆನ್ನ ಮೇಲೆ ಹೋಗುತ್ತವೆ.

ಇನ್ನು ಕರಡಿ. ಈ ಕಾಡಿನಲ್ಲಿ ಸುಮಾರು 1,900 ಕಪ್ಪು ಕರಡಿಗಳಿವೆ ಅಂತ ಪಾರ್ಕಿನವರ ಅಂದಾಜು. ಕನಿಷ್ಠ 150 ಅಡಿ ದೂರ ಇರಬೇಕೆನ್ನುವುದು ಕಾನೂನು, ಬರೀ ಸಲಹೆ ಅಲ್ಲ. ಶರತ್ಕಾಲದಲ್ಲಿ ಚಳಿಗಾಲಕ್ಕೆ ಕೊಬ್ಬು ಕೂಡಿಸಿಕೊಳ್ಳಲು ಅವು ದಿನವಿಡೀ ತಿನ್ನುವುದನ್ನೇ ಹುಡುಕುತ್ತಿರುತ್ತವೆ. ನಮ್ಮ ಡಬ್ಬಿಗಳಲ್ಲೋ ಇಂಗಿನ ಒಗ್ಗರಣೆ, ಪುಳಿಯೋಗರೆ ಗೊಜ್ಜು, ಹುರಿದ ಕೊಬ್ಬರಿ! ಟೆಂಟಿನೊಳಗೆ ಚಕ್ಕುಲಿ ಚೂರು ಕೂಡ ಬೇಡ. ಊಟ, ಪಾತ್ರೆ, ಟೂತ್‌ಪೇಸ್ಟ್ ಎಲ್ಲವೂ ಕಾರಿನೊಳಗೆ, ಕಿಟಕಿ ಮುಚ್ಚಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದುಂಟು. ನಾವು ಬಿಟ್ಟುಬಂದ ಚಿತ್ರಾನ್ನಕ್ಕೆ ಅದು ಯಾಕೆ ಸಾಯಬೇಕು?

ನಾನು ನಿಜವಾಗಿ ಹೇಳಬೇಕೆಂದಿರುವುದು ಪಾರ್ಕಿನೊಳಗಿನ ಕೇಡ್ಸ್ ಕೋವ್ ಕಣಿವೆಯ ಬಗ್ಗೆ. ಸುತ್ತ ಬೆಟ್ಟ, ನಡುವೆ ಹುಲ್ಲುಗಾವಲು, 11 ಮೈಲಿಯ ಒಂದೇ ದಿಕ್ಕಿನ ರಸ್ತೆ. ದಾರಿಯುದ್ದಕ್ಕೂ ಮರದ ದಿಮ್ಮಿಯ ಮನೆಗಳು, ಮೂರು ಚರ್ಚುಗಳು, ನೀರಿನ ಚಕ್ರದಿಂದ ತಿರುಗುವ ಜೋಳದ ಗಿರಣಿ. "ಪಾಪ, ಎಷ್ಟು ಸರಳ ಬದುಕು" ಅನ್ನಿಸುತ್ತದೆ. ಆ ಅನಿಸಿಕೆ ನಂಬಬೇಡಿ. ಇಲ್ಲಿ 1900ರ ಹೊತ್ತಿಗೆ ಸುಮಾರು 700 ಜನ ಇದ್ದರು. ಹಲಗೆಯ ಒಳ್ಳೆಯ ಮನೆಗಳಿದ್ದವು, ಶಾಲೆ ಇತ್ತು, ಅಂಚೆ ಕಚೇರಿ ಇತ್ತು. ಪಾರ್ಕ್ ಆದ ಮೇಲೆ ಹೊಸ ಕಾಲದ ಮನೆಗಳನ್ನು ಹೆಚ್ಚುಕಡಿಮೆ ಎಲ್ಲ ಕೆಡವಿ, ನೋಡಲು ಹಳೆಯದಾಗಿ ಕಾಣುವುದನ್ನು ಮಾತ್ರ ಉಳಿಸಿಕೊಂಡರು.

ಇಲ್ಲಿಗೆ ಮೊದಲು ಬಂದ ಬಿಳಿಯರು ಜಾನ್ ಆಲಿವರ್ ಮತ್ತು ಲುಕ್ರೀಷಿಯಾ ದಂಪತಿ, 1818ರಲ್ಲಿ. ಆ ಮೊದಲ ಚಳಿಗಾಲ ಅವರ ಜೀವ ಉಳಿಸಿದ್ದು ಚೆರೋಕಿಗಳು ಕೊಟ್ಟ ಒಣಗಿಸಿದ ಕುಂಬಳಕಾಯಿ ಎನ್ನುತ್ತಾರೆ. ಮರುವರ್ಷವೇ ಒಪ್ಪಂದದ ಹೆಸರಿನಲ್ಲಿ ಚೆರೋಕಿಗಳ ಈ ನೆಲ ಹೋಯಿತು. 1838ರಲ್ಲಿ ಸೈನ್ಯ ಅವರಲ್ಲಿ ಬಹುಪಾಲು ಜನರನ್ನು ಪಶ್ಚಿಮಕ್ಕೆ ಅಟ್ಟಿತು. ನೂರು ವರ್ಷ ಕಳೆಯುವಷ್ಟರಲ್ಲಿ ಆಲಿವರ್ ವಂಶದ ಸರದಿ ಬಂತು. ಮರಿಮಗ ಜಾನ್ ಡಬ್ಲ್ಯೂ. ಆಲಿವರ್ ಪಾರ್ಕಿಗೆ ಜಮೀನು ಬಿಡುವುದಿಲ್ಲವೆಂದು ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿ ಸೋತು, 1937ರಲ್ಲಿ ಕಣಿವೆ ಬಿಟ್ಟರು. ಪಾರ್ಕ್ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ. ಮರದ ಕಂಪನಿಗಳು ಬೆಟ್ಟಗಳನ್ನು ಬೋಳು ಮಾಡುತ್ತಿದ್ದ ಕಾಲ ಅದು. ಆದರೆ ಬೆಲೆ ತೆತ್ತವರು ಯಾರು ಅಂತ ಮಕ್ಕಳಿಗೆ ಹೇಳದೆ ಗಿರಣಿ ಮಾತ್ರ ತೋರಿಸಿದರೆ ಅರ್ಧ ಕತೆ ಹೇಳಿದಂತಾಗುತ್ತದೆ.

ಪಾರ್ಕಿನೊಳಗೇ ಇರುವ ಲಿಟಲ್ ಗ್ರೀನ್‌ಬ್ರಯರ್‌ನ ವಾಕರ್ ಅಕ್ಕತಂಗಿಯರದು ಇನ್ನೊಂದು ಬಗೆ. ಬದುಕಿರುವ ತನಕ ಮನೆಯಲ್ಲೇ ಇರುತ್ತೇವೆ ಅಂತ ಷರತ್ತು ಹಾಕಿ ಜಮೀನು ಮಾರಿದರು, ಹಾಗೇ ಇದ್ದರು. ಕೊನೆಯವರಾದ ಲೂಯಿಸಾ ತೀರಿಕೊಂಡಿದ್ದು 1964ರಲ್ಲಿ. ಆ ಮನೆಯವರೆಗೆ ನಡೆದು ಹೋಗಬಹುದು, ಜನಸಂದಣಿಯೂ ಕಡಿಮೆ.

ಪಾರ್ಕಿನ ದಕ್ಷಿಣದ ಅಂಚು ನಮ್ಮ ಮಲೆನಾಡಿನವರಿಗೆ ಬೇರೆಯೇ ಅನ್ನಿಸೀತು. ಯುದ್ಧಕಾಲದ ವಿದ್ಯುತ್ತಿಗಾಗಿ ಕಟ್ಟಿದ ಫಾಂಟಾನಾ ಅಣೆಕಟ್ಟಿನಿಂದ 1944ರ ಹೊತ್ತಿಗೆ ಊರುಗಳು, ರಸ್ತೆ ಮುಳುಗಿದವು. ಸ್ಮಶಾನಗಳು ಆಚೆ ದಡದಲ್ಲಿ ಉಳಿದವು. ಹೊಸ ರಸ್ತೆ ಮಾಡಿಕೊಡುತ್ತೇವೆಂದು 1943ರಲ್ಲಿ ಸರ್ಕಾರ ಒಪ್ಪಿತ್ತು. ಕೆಲವು ಮೈಲಿ ಆಗಿ ನಿಂತಿತು. 2010ರಲ್ಲಿ, ರಸ್ತೆಯ ಬದಲು ಅಲ್ಲಿನ ಸ್ವೇನ್ ಕೌಂಟಿಗೆ 5.2 ಕೋಟಿ ಡಾಲರ್ ಅಂತ ತೀರ್ಮಾನವಾಯಿತು. ಮುಳುಗಿದ ಊರುಗಳ ಮನೆತನದವರನ್ನು ಹಿರಿಯರ ಸಮಾಧಿಗೆ ಹೂವಿಡಲು ಪಾರ್ಕಿನವರೇ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಶರಾವತಿ ಮುಳುಗಡೆಯ ಕುಟುಂಬಗಳಿಂದ ಬಂದವರು ನಮ್ಮ ಕೂಟದಲ್ಲೂ ಇದ್ದಾರೆ. ಲಿಂಗನಮಕ್ಕಿ ತುಂಬಿ ಆರು ದಶಕ ಕಳೆದರೂ ಹಕ್ಕುಪತ್ರಕ್ಕೆ ಅಲೆಯುತ್ತಿರುವವರ ಕತೆ ಅವರಿಗೆ ನಾನು ಹೇಳಬೇಕಿಲ್ಲ.

ಫಾಂಟಾನಾದ ಆ ಅರ್ಧಂಬರ್ಧ ರಸ್ತೆ ಬ್ರೈಸನ್ ಸಿಟಿಯಿಂದ ಹೊರಟು ಒಂದು ಸುರಂಗದ ಹತ್ತಿರ ಮುಗಿಯುತ್ತದೆ. ಈ ಸಲದ ಕಾರ್ಯಕ್ರಮದಲ್ಲಿ ಅದನ್ನೂ ಸೇರಿಸಿ ಅಂತ ಸಮಿತಿಯವರನ್ನು ಕೇಳಿದ್ದೇನೆ. ಸುರಂಗದೊಳಗೆ ನಡೆದೇ ಹೋಗಬೇಕು, ದೀಪ ಇಲ್ಲ. ಮನೆಗೊಂದು ಟಾರ್ಚ್ ಇರಲಿ.