ವಿಜ್ಞಾನ ಕಾದಂಬರಿ ಮಕ್ಕಳ ಕಪಾಟಿನಾಚೆಗೂ ಬರಲಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಸಚಿವರೇ,

ಸವಿನಯ ನಮಸ್ಕಾರಗಳು. ವಿಜ್ಞಾನ ಕಥಾಲೋಕದ ಹೆಸರಾಂತ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಪಡೆದ ಕಾದಂಬರಿಗಳಲ್ಲಿ ಆಯ್ದ ಕೆಲವನ್ನಾದರೂ ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಮೂಲಕ ಕನ್ನಡಕ್ಕೆ ತರಿಸಬೇಕೆಂದೂ, ಆ ಆಯ್ಕೆಯಲ್ಲಿ ಓದುಗರಿಗೂ ಸ್ಥಾನ ಕೊಡಬೇಕೆಂದೂ ಕೋರಲು ಈ ಪತ್ರ.

ಹುಬ್ಬಳ್ಳಿಯ ಒಂದು ಗ್ರಂಥಾಲಯದಲ್ಲಿ ವಿಜ್ಞಾನ ಕಥೆಗಳನ್ನು ಮಕ್ಕಳ ವಿಭಾಗದಲ್ಲಿ, ರಸಪ್ರಶ್ನೆ ಪುಸ್ತಕಗಳ ಮಗ್ಗುಲಿಗೆ ಜೋಡಿಸಿದ್ದಾರೆ. ರಾಕೆಟ್ಟು, ರೋಬೋಟು ಬಂದರೆ ಅದು ಹುಡುಗರ ಓದು ಎಂಬ ಎಣಿಕೆ ಇರಬೇಕು. ಆದರೆ ಈ ಪ್ರಕಾರವನ್ನು ಬಲ್ಲವರು ನೋಡುವುದು, ಲೇಖಕರು ಒಂದು ಊಹೆಯನ್ನು ಹಿಡಿದರೆ ಅದನ್ನು ಎಲ್ಲಿಯವರೆಗೆ ಪ್ರಾಮಾಣಿಕವಾಗಿ ಬೆನ್ನಟ್ಟುತ್ತಾರೆ ಎಂಬುದನ್ನು. 1970ರಲ್ಲಿ ಹ್ಯೂಗೋ ಪಡೆದ, ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಕಾದಂಬರಿಯ ಗ್ರಹದಲ್ಲಿ ಹೆಣ್ಣು-ಗಂಡೆಂಬ ಸ್ಥಿರ ಭೇದವೇ ಇಲ್ಲ. ತಿಂಗಳಲ್ಲಿ ಕೆಲವು ದಿನ ಮಾತ್ರ ಯಾರು ಬೇಕಾದರೂ ಎರಡರಲ್ಲಿ ಒಂದಾಗಬಹುದು, ದೊರೆಯೇ ಬಸುರಾಗುತ್ತಾನೆ. ಅಷ್ಟರಿಂದಲೇ ಅಲ್ಲಿನ ಮನೆತನ, ಮರ್ಯಾದೆ, ರಾಜಕಾರಣಗಳೆಲ್ಲ ಬೇರೆಯಾಗಿಬಿಡುತ್ತವೆ. ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂದ ಜೇಡರ ದಾಸಿಮಯ್ಯನ ನಾಡಿಗೆ ಇದು ಪರಕೀಯವೆನಿಸಲಾರದು.

ಹ್ಯೂಗೋ ಪ್ರಶಸ್ತಿಯನ್ನು 1953ರಿಂದ ಕೊಡುತ್ತಿದ್ದಾರೆ. ಅದನ್ನು ನಿರ್ಧರಿಸುವವರು ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಶುಲ್ಕ ಕಟ್ಟಿದ ಸದಸ್ಯರು. (ನಮ್ಮ ಸಮ್ಮೇಳನಗಳಲ್ಲಿ ಪ್ರತಿನಿಧಿ ಶುಲ್ಕಕ್ಕೆ ಚೀಲ, ಊಟ ಸಿಗುತ್ತವೆ; ಅಲ್ಲಿ ಮತ ಸಿಗುತ್ತದೆ.) 2015ರಲ್ಲಿ ಕೆಲವರು ಗುಂಪುಕಟ್ಟಿ ನಾಮನಿರ್ದೇಶನದ ಪಟ್ಟಿಯನ್ನು ತಮ್ಮವರಿಂದಲೇ ತುಂಬಿಸಿದಾಗ, ಐದು ವಿಭಾಗಗಳಲ್ಲಿ ಪ್ರಶಸ್ತಿ ಯಾರಿಗೂ ಬೇಡವೆಂದು ಈ ಸದಸ್ಯರೇ ಮತ ಹಾಕಿದರು. ಅದೇ ವರ್ಷ ಕಾದಂಬರಿ ಪ್ರಶಸ್ತಿ ಚೀನಾದ ಲಿಯು ಸಿಕ್ಸಿನ್ ಅವರ ಕೃತಿಗೆ, ಕೆನ್ ಲಿಯು ಅವರ ಇಂಗ್ಲಿಷ್ ಅನುವಾದದ ಮೂಲಕ ಸಂದಿತು. ಅನುವಾದಿತ ಕಾದಂಬರಿಯೊಂದು ಅದನ್ನು ಗೆದ್ದದ್ದು ಅದೇ ಮೊದಲು. ಶಿಫಾರಸಿಗೆ ಮಣಿಯದೆ, ದೂರದ ಭಾಷೆಯ ಕೃತಿಗೆ ಮನ್ನಣೆ ಕೊಟ್ಟ ಇಂಥ ಓದುಗರ ತೀರ್ಪನ್ನು ನಮ್ಮ ಆಯ್ಕೆಗೆ ಆಧಾರವಾಗಿ ನೆಚ್ಚಬಹುದೆಂದು ನನ್ನ ಅಭಿಪ್ರಾಯ.

2025ರಲ್ಲಿ ಬಾನು ಮುಷ್ತಾಕ್ ಅವರೊಂದಿಗೆ ಅವರ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರೂ ಅಂತರರಾಷ್ಟ್ರೀಯ ಬುಕರ್ ಹಂಚಿಕೊಂಡ ಮೇಲೆ, ಅನುವಾದಕರ ಬೆಲೆ ಏನೆಂದು ಸರ್ಕಾರಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಮೂಲ ಲೇಖಕರ ಹಕ್ಕನ್ನು ಕ್ರಮಬದ್ಧವಾಗಿ ಪಡೆದು, ಅನುವಾದಕರಿಗೆ ತಕ್ಕ ಸಂಭಾವನೆ ನೀಡಬೇಕು. ಕರಡು ಅಚ್ಚಿಗೆ ಹೋಗುವ ಮುನ್ನ ಅದನ್ನು ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ ಭೌತಶಾಸ್ತ್ರದ ಅಧ್ಯಾಪಕರೂ ಕಾದಂಬರಿಯ ಓದುಗರೂ ಒಟ್ಟಿಗೆ ಕುಳಿತು ತಿದ್ದುವಂತೆ ಏರ್ಪಾಡು ಮಾಡಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ಓದುಗ